ಮೊದಲು ಪಟ್ಟಿ, ಆಮೇಲೆ ಸ್ಕ್ಯಾನ್: ನೈಜೀರಿಯಾದಿಂದ ಬಂದ ಟ್ರಂಕು ಮತ್ತು ಅದರೊಳಗಿನ ಪುಸ್ತಕಗಳು

ಪ್ರಶ್ನೆ: ನಮ್ಮ ತಂದೆ ನೈಜೀರಿಯಾದ ಕಾನೊ ನಗರದಲ್ಲಿ ಗಣಿತದ ಮೇಷ್ಟ್ರಾಗಿದ್ದರು. ತೊಂಬತ್ತರ ದಶಕದ ಮೊದಲಲ್ಲಿ ಊರಿಗೆ ವಾಪಸಾದರು. ಅವರು ತೀರಿಹೋದ ಮೇಲೆ ಟ್ರಂಕಿನಲ್ಲಿ ಅರವತ್ತರಷ್ಟು ತೆಳ್ಳನೆಯ ಪುಸ್ತಕಗಳು ಸಿಕ್ಕಿವೆ. ಕೆಲವು ಇಂಗ್ಲಿಷಿನವು, ಒನಿಚ ಎಂಬ ಊರಿನಲ್ಲಿ ಅಚ್ಚಾಗಿವೆ. ಹೆಚ್ಚಿನವು ಹೌಸಾ ಭಾಷೆಯವು. ಒಂದೆರಡು ಯೊರುಬಾ ಭಾಷೆಯವು ಇರಬೇಕು. ಜೊತೆಗೆ ಹೌಸಾ ಪತ್ರಿಕೆಯ ಕೆಲವು ಹಳೆ ಸಂಚಿಕೆಗಳಿವೆ. ಬಹಳಷ್ಟರಲ್ಲಿ ಇಸವಿಯೇ ಇಲ್ಲ. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಹೆಚ್ಚಿನವು ಕಾಣುವುದೇ ಇಲ್ಲ. ಇವುಗಳಿಂದ ಯಾರಿಗಾದರೂ ಉಪಯೋಗವಿದೆಯೇ? ಎಲ್ಲವನ್ನೂ ಸ್ಕ್ಯಾನ್ ಮಾಡಿ ನೆಟ್ಟಿಗೆ ಹಾಕಿಬಿಡಲೇ? — ಓದುಗರೊಬ್ಬರು, ಶಿವಮೊಗ್ಗ

ಉತ್ತರ:

ಉಪಯೋಗ ಖಂಡಿತ ಇದೆ. ನಿಮ್ಮ ತಂದೆ ಇವನ್ನು ಇಷ್ಟು ವರ್ಷ ಇಟ್ಟುಕೊಂಡಿದ್ದಕ್ಕೆ ನನ್ನಂಥವರು ಅವರಿಗೆ ಋಣಿಗಳು. ಆದರೆ ಸ್ಕ್ಯಾನರ್ ಸದ್ಯ ಬೇಡ. ಮೊದಲು ಒಂದು ಪಟ್ಟಿ ಮಾಡಿ. ಒಳ್ಳೆಯ ಪಟ್ಟಿ, ಪುಸ್ತಕವನ್ನು ನೋಡದವರಿಗೂ ಅದು ಏನೆಂದು ತಿಳಿಯುವಂಥ ಪಟ್ಟಿ. ಸ್ಕ್ಯಾನ್ ಮಾಡಿದ ನೂರಾರು ಫೈಲುಗಳು ಹೆಸರಿಲ್ಲದೆ, ವಿವರವಿಲ್ಲದೆ ಎಲ್ಲೆಲ್ಲೋ ಬಿದ್ದಿರುವುದನ್ನು ನಾನು ಬಹಳ ನೋಡಿದ್ದೇನೆ. ಅವು ಇದ್ದೂ ಇಲ್ಲದ ಹಾಗೆ. ಚಿತ್ರವೇ ಇಲ್ಲದ, ಆದರೆ ಸರಿಯಾಗಿ ಬರೆದ ಒಂದು ಎಂಟ್ರಿ ಮಾತ್ರ ನೈಜೀರಿಯಾದಲ್ಲಿ ಅದೇ ಪುಸ್ತಕಕ್ಕಾಗಿ ಹುಡುಕುತ್ತಿರುವ ಒಬ್ಬರನ್ನು ನಿಮ್ಮ ಮನೆಯವರೆಗೆ ಕರೆತರುತ್ತದೆ.

ನಿಮ್ಮ ಕೈಯಲ್ಲಿರುವುದು ಏನು ಅಂತ ಮೊದಲು ಹೇಳುತ್ತೇನೆ. ಅದು ಗೊತ್ತಿದ್ದರೆ ಪಟ್ಟಿಯಲ್ಲಿ ಏನು ಬರೆಯಬೇಕು ಎನ್ನುವುದು ಅರ್ಧ ತಿಳಿದ ಹಾಗೆ.

ಒನಿಚ ಇರುವುದು ನೈಜರ್ ನದಿಯ ಪೂರ್ವ ದಡದಲ್ಲಿ, ಇಗ್ಬೊ ಜನರ ಪ್ರದೇಶದಲ್ಲಿ. ಅಲ್ಲಿನ ಮಾರುಕಟ್ಟೆ ಪಶ್ಚಿಮ ಆಫ್ರಿಕಾದ ಅತಿ ದೊಡ್ಡ ಮಾರುಕಟ್ಟೆಗಳಲ್ಲಿ ಒಂದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಲ್ಲಿ ಸಣ್ಣ ಸಣ್ಣ ಮುದ್ರಣಾಲಯಗಳು ಹುಟ್ಟಿಕೊಂಡವು. ಆಗಷ್ಟೇ ಶಾಲೆ ಮುಗಿಸಿದ ಹುಡುಗರು, ಗುಮಾಸ್ತರು, ಮೇಷ್ಟ್ರುಗಳು, ಸಣ್ಣ ವ್ಯಾಪಾರಿಗಳು ಓದುವುದಕ್ಕೆಂದೇ ಕಿರುಹೊತ್ತಿಗೆಗಳು ಬಂದವು. ಪ್ರೇಮಕತೆ, ನಾಟಕ, ಪ್ರೇಮಪತ್ರ ಬರೆಯುವುದು ಹೇಗೆ, ದುಡ್ಡು ಉಳಿಸುವುದು ಹೇಗೆ, ಕೆಟ್ಟ ಸಹವಾಸದಿಂದ ದೂರ ಇರುವುದು ಹೇಗೆ, ಹೀಗೆ. ಕಾಂಗೋದ ಮೊದಲ ಪ್ರಧಾನಿ ಪ್ಯಾಟ್ರಿಸ್ ಲುಮುಂಬಾ ಕೊಲೆಯಾದ ಮೇಲೆ ಅವರ ಬಗ್ಗೆಯೂ ನಾಟಕಗಳು ಬಂದವು. ಒಗಾಲಿ ಎ. ಒಗಾಲಿ ಬರೆದ 'ವೆರೋನಿಕಾ ಮೈ ಡಾಟರ್' ಎಂಬ ನಾಟಕ 1956ರಲ್ಲಿ ಬಂದು ಮನೆಮಾತಾಯಿತು. ಸಿಪ್ರಿಯನ್ ಎಕ್ವೆನ್ಸಿಯಂಥ ಹೆಸರಾಂತ ಕಾದಂಬರಿಕಾರರು ಬರವಣಿಗೆ ಶುರು ಮಾಡಿದ್ದೂ ಇಂಥ ಹೊತ್ತಿಗೆಗಳಿಂದಲೇ. 1967ರಲ್ಲಿ, ಇಗ್ಬೊ ಜನರ ಪ್ರದೇಶ ಬಿಯಾಫ್ರಾ ಎಂಬ ಬೇರೆ ದೇಶವಾಗಲು ಹೊರಟಾಗ, ಬಿಯಾಫ್ರಾ ಯುದ್ಧ ಶುರುವಾಯಿತು. ಮಾರುಕಟ್ಟೆ ನಾಶವಾಯಿತು. 1970ರಲ್ಲಿ ಯುದ್ಧ ಮುಗಿದ ಮೇಲೂ ಮರುಮುದ್ರಣಗಳು ಬಂದವು, ಆದರೆ ಹಳೆಯ ಭರಾಟೆ ಮರಳಲಿಲ್ಲ.

ಕಾನೊ ಕತೆ ಬೇರೆ. ಉತ್ತರ ನೈಜೀರಿಯಾದಲ್ಲಿ ಹೌಸಾ ಭಾಷೆಯ ಅಚ್ಚಿನ ಕಾದಂಬರಿಗಳು ಶುರುವಾದದ್ದು ಸರ್ಕಾರದ ಕೃಪೆಯಿಂದ. ಜಾರಿಯಾ ಎಂಬ ಊರಿನಲ್ಲಿ ಬ್ರಿಟಿಷ್ ಅಧಿಕಾರಿಗಳು 1933ರಲ್ಲಿ ಒಂದು ಸ್ಪರ್ಧೆ ಇಟ್ಟರು. ಅದರಿಂದ ಬಂದ ಪುಸ್ತಕಗಳಲ್ಲಿ ಒಂದು 'ಶೇಹು ಉಮರ್'. ಬರೆದವರು ಅಬೂಬಕರ್ ತಫಾವಾ ಬಲೇವಾ, ಮುಂದೆ ನೈಜೀರಿಯಾದ ಮೊದಲ ಪ್ರಧಾನಿಯಾದವರು. 1980ರ ದಶಕ ಬರುವ ಹೊತ್ತಿಗೆ ಚಿತ್ರ ಬದಲಾಯಿತು. ದೊಡ್ಡ ಪ್ರಕಾಶಕರು ಹೊಸಬರ ಪುಸ್ತಕ ತೆಗೆದುಕೊಳ್ಳಲಿಲ್ಲ. ಯುವಕ ಯುವತಿಯರು ತಾವೇ ದುಡ್ಡು ಹಾಕಿ ಅಚ್ಚು ಮಾಡಿಸಿ ಮಾರುಕಟ್ಟೆಯಲ್ಲಿ ಮಾರತೊಡಗಿದರು. ಇವಕ್ಕೆ ಅಲ್ಲಿ 'ಲಿತ್ತತ್ತಾಫನ್ ಸೊಯಾಯ್ಯ' ಅನ್ನುತ್ತಾರೆ, ಪ್ರೀತಿಯ ಪುಸ್ತಕಗಳು ಅಂತ. ಹೆಸರು ಹಾಗಿದ್ದರೂ ಒಳಗಿರುವುದು ಬರೀ ಪ್ರೀತಿ ಅಲ್ಲ. ಬಲವಂತದ ಮದುವೆ, ಸವತಿಯರ ಜಗಳ, ಹೆಣ್ಣುಮಕ್ಕಳ ಓದು, ತಲಾಕ್ ಎಲ್ಲವೂ ಇದೆ. ಬರೆದವರಲ್ಲಿ ಹೆಂಗಸರು ಬಹಳ ಜನ, ಓದಿದವರಲ್ಲೂ ಹಾಗೆಯೇ.

ಈ ಸಾಹಿತ್ಯಕ್ಕೂ ನಮ್ಮ ಕಡೆಗೂ ಒಂದು ನಂಟಿದೆ. ಕಾನೊದಲ್ಲಿ ಹಿಂದಿ ಸಿನಿಮಾಗಳಿಗೆ ದಶಕಗಳಿಂದ ದೊಡ್ಡ ಅಭಿಮಾನಿ ಬಳಗ. ಹಲವು ಸೊಯಾಯ್ಯ ಕತೆಗಳಲ್ಲಿ ಆ ಸಿನಿಮಾಗಳ ನೆರಳು ಕಾಣುತ್ತದೆ. ಬಲರಾಬಾ ರಮತ್ ಯಾಕುಬು ಅವರ 1990ರ ಕಾದಂಬರಿ 'ಅಲ್ಹಾಕಿ ಕುಯ್ಕುಯೊ ನೆ' ಇಂಗ್ಲಿಷಿಗೆ ಬಂದದ್ದು 2012ರಲ್ಲಿ. ಅದನ್ನು ಪ್ರಕಟಿಸಿದ್ದು ಲಂಡನ್ನಿನವರೂ ಅಲ್ಲ, ನ್ಯೂಯಾರ್ಕಿನವರೂ ಅಲ್ಲ. ಚೆನ್ನೈನ ಬ್ಲಾಫ್ಟ್ ಎಂಬ ಪುಟ್ಟ ಪ್ರಕಾಶನ. ನಿಮ್ಮ ಟ್ರಂಕಿನಲ್ಲಿ ಆ ಹೌಸಾ ಮೂಲದ ಪ್ರತಿ ಇದ್ದರೆ ಅದನ್ನು ಜೋಪಾನ ಮಾಡಿ.

ಇಷ್ಟು ಜನ ಓದಿದ ಪುಸ್ತಕಗಳು ನೆಟ್ಟಿನಲ್ಲಿ ಯಾಕೆ ಕಾಣುವುದಿಲ್ಲ? ಇದಕ್ಕೆ ಒಂದೇ ಕಾರಣ ಇಲ್ಲ.

ಪುಸ್ತಕಗಳಿಗೆ ಐಎಸ್‌ಬಿಎನ್ ಎಂಬ ಅಂತಾರಾಷ್ಟ್ರೀಯ ಸಂಖ್ಯೆ ಬಂದದ್ದು 1970ರಲ್ಲಿ. ಒನಿಚದ ಒಳ್ಳೆಯ ದಿನಗಳು ಆಗಲೇ ಮುಗಿದಿದ್ದವು. ಕಾನೊದಲ್ಲಿ ಸ್ವಂತ ದುಡ್ಡಿನಲ್ಲಿ ಅಚ್ಚು ಹಾಕಿಸಿದವರಲ್ಲಿ ಬಹಳ ಜನ ಆ ಸಂಖ್ಯೆಗೆ ಅರ್ಜಿ ಹಾಕಲೇ ಇಲ್ಲ. ನೈಜೀರಿಯಾದಲ್ಲಿ ಅಚ್ಚಾದ ಪ್ರತಿ ಪುಸ್ತಕವನ್ನೂ ರಾಷ್ಟ್ರೀಯ ಗ್ರಂಥಾಲಯಕ್ಕೆ ಕೊಡಬೇಕು ಎಂಬ ಕಾನೂನು 1970ರಿಂದ ಇದೆ. ಮಾರುಕಟ್ಟೆಯ ಮೂಲೆಯಲ್ಲಿ ಪುಸ್ತಕ ಹರಡಿಕೊಂಡು ಕೂತವರಿಗೆ ಆ ಕಾನೂನು ಇದೆ ಎಂದೇ ಗೊತ್ತಿಲ್ಲದಿದ್ದರೆ ಆಶ್ಚರ್ಯವಿಲ್ಲ. ಗ್ರಂಥಾಲಯಗಳು ಪುಸ್ತಕ ಕೊಳ್ಳುವುದು ವಿತರಕರ ಮೂಲಕ. ಈ ಪುಸ್ತಕಗಳು ವಿತರಕರ ಕೈಗೆ ಬರುವುದೇ ಇಲ್ಲ. ಅದಕ್ಕೇ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1966ರಲ್ಲಿ ನೈರೋಬಿಯಲ್ಲಿ ತನ್ನದೇ ಕಚೇರಿ ತೆರೆಯಿತು. ಪೇಟೆಪೇಟೆಗೆ ಜನ ಹೋಗಿ ಕೊಂಡು ತರುವುದೇ ದಾರಿ ಎಂದು ಅವರಿಗೆ ಅರ್ಥವಾಗಿತ್ತು. ಹೀಗಾಗಿ ಆಫ್ರಿಕಾದ ಜನಪ್ರಿಯ ಪುಸ್ತಕಗಳ ಒಳ್ಳೆಯ ಸಂಗ್ರಹ ಬೇಕೆಂದರೆ ಎಷ್ಟೋ ಸಲ ಆಫ್ರಿಕಾದ ಹೊರಗೇ ನೋಡಬೇಕಾಗುತ್ತದೆ. ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಸ್ಪೆನ್ಸರ್ ಗ್ರಂಥಾಲಯದಲ್ಲಿ, ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಹರ್ಸ್ಕೊವಿಟ್ಸ್ ಗ್ರಂಥಾಲಯದಲ್ಲಿ, ಲಂಡನ್ನಿನ ಸೋಯಾಸ್ ಎಂಬ ವಿದ್ಯಾಸಂಸ್ಥೆಯಲ್ಲಿ. ಕಾನೊದಲ್ಲಿ ಕೂತ ವಿದ್ಯಾರ್ಥಿ ತನ್ನ ಅಜ್ಜಿ ಓದಿದ ಪುಸ್ತಕ ನೋಡಲು ಲಂಡನ್ನಿಗೆ ಹೋಗಬೇಕಾದ ಸ್ಥಿತಿ ನನಗೆ ತಡೆಯಲಾಗದ ಬೇಸರ ತರಿಸುತ್ತದೆ.

ಪುಸ್ತಕ ಗ್ರಂಥಾಲಯಕ್ಕೆ ಬಂದ ಮೇಲೂ ಕಷ್ಟ ತಪ್ಪುವುದಿಲ್ಲ. ಪುಸ್ತಕಗಳಿಗೆ ವಿಷಯದ ಪ್ರಕಾರ ಸಂಖ್ಯೆ ಕೊಟ್ಟು ಜೋಡಿಸುವ ಡ್ಯೂಯಿ ದಶಮಾಂಶ ಪದ್ಧತಿಯನ್ನೇ ನೋಡಿ. ನಮ್ಮ ಬಹಳಷ್ಟು ಗ್ರಂಥಾಲಯಗಳಲ್ಲಿ ಇರುವುದೂ ಅದೇ. ಅದರಲ್ಲಿ ಇಂಗ್ಲಿಷ್ ಸಾಹಿತ್ಯಕ್ಕೆ 820ರಿಂದ 829ರವರೆಗೆ ವಿಶಾಲವಾದ ಜಾಗ. ಫ್ರೆಂಚಿಗೆ 840ರಿಂದ ಶುರುವಾಗಿ ಅಷ್ಟೇ ಜಾಗ. ಪಶ್ಚಿಮದ ಇನ್ನು ಕೆಲವು ಸಾಹಿತ್ಯಗಳಿಗೂ ಹಾಗೆಯೇ. ಮಿಕ್ಕ ಪ್ರಪಂಚ ಹೆಚ್ಚುಕಡಿಮೆ ಎಲ್ಲ 890ರ ಒಳಗೆ. ನಮ್ಮ ಕನ್ನಡ ಸಾಹಿತ್ಯ 894.814 ಎಂಬ ಉದ್ದದ ಸಂಖ್ಯೆಯಲ್ಲಿ ಕೂತಿದೆ. ಆಫ್ರಿಕಾದ ನೂರಾರು ಭಾಷೆಗಳ ಸಾಹಿತ್ಯಕ್ಕೆ 896 ಎಂಬ ಒಂದೇ ಅಂಕಿ. ಯೊರುಬಾ, ಸ್ವಾಹಿಲಿ, ಜುಲು ಎಲ್ಲ ಅದರ ಒಳಗೆ. ಹೌಸಾ ಮಾತ್ರ ಅಲ್ಲಿ ಸಿಗುವುದಿಲ್ಲ! ಭಾಷಾಕುಟುಂಬ ಬೇರೆ ಎಂದು ಅದು 893ಕ್ಕೆ ಹೋಗಿದೆ. ಇಥಿಯೋಪಿಯಾದ ಅಮ್ಹಾರಿಕ್ 892ರಲ್ಲಿ. ದಕ್ಷಿಣ ಆಫ್ರಿಕಾದ ಆಫ್ರಿಕಾನ್ಸ್ 839ರಲ್ಲಿ, ಡಚ್ ಭಾಷೆಯ ಪಕ್ಕ. ನೈಜೀರಿಯಾದ ಕಾದಂಬರಿಕಾರ ಚಿನುವ ಅಚಿಬೆ ಇಂಗ್ಲಿಷಿನಲ್ಲಿ ಬರೆದರು ಎಂದು 823ರಲ್ಲಿ, ಇಂಗ್ಲೆಂಡಿನ ಕಾದಂಬರಿಕಾರರ ಸಾಲಿನಲ್ಲಿ. ಅಂದರೆ ನಿಮ್ಮ ಒಂದು ಟ್ರಂಕಿನ ಪುಸ್ತಕಗಳನ್ನು ಈ ಪದ್ಧತಿಯಲ್ಲಿ ಜೋಡಿಸಿದರೆ ಮೂರು ಕಡೆಗೆ ಚದುರಿಹೋಗುತ್ತವೆ. ನೈಜೀರಿಯಾದ ಮಾರುಕಟ್ಟೆ ಪುಸ್ತಕಗಳು ಎಂಬ ಒಂದು ಲೋಕ ಇತ್ತು ಎನ್ನುವುದೇ ಕಪಾಟಿನ ಮುಂದೆ ನಿಂತವರಿಗೆ ಕಾಣುವುದಿಲ್ಲ.

ಡಿಜಿಟಲ್ ಕ್ಯಾಟಲಾಗಿನ ದೊಡ್ಡ ಲಾಭ ಇಲ್ಲಿದೆ. ಕಪಾಟಿನಲ್ಲಿ ಪುಸ್ತಕ ಒಂದೇ ಕಡೆ ಇರಬಹುದು. ಕಂಪ್ಯೂಟರಿನಲ್ಲಿ ಭಾಷೆ, ಊರು, ಮುದ್ರಣಾಲಯ, ಪ್ರಕಾರ, ಎಲ್ಲದರಿಂದಲೂ ಅದನ್ನು ಹಿಡಿಯಬಹುದು. ಆದರೆ ಅದಕ್ಕೆ ಆ ವಿವರಗಳನ್ನು ಯಾರಾದರೂ ಬರೆದಿರಬೇಕು ಅಲ್ವಾ? ಆ ಕೆಲಸ ಈಗ ನಿಮ್ಮದು.

ಸಾಫ್ಟ್‌ವೇರ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಕೊಹಾದಂಥ ಉಚಿತ ಗ್ರಂಥಾಲಯ ತಂತ್ರಾಂಶಗಳು ಚೆನ್ನಾಗಿವೆ, ಆದರೆ ಅರವತ್ತು ಪುಸ್ತಕಕ್ಕೆ ಒಂದು ಸ್ಪ್ರೆಡ್‌ಶೀಟ್ ಸಾಕು. ಒಂದು ಪುಸ್ತಕಕ್ಕೆ ಒಂದು ಸಾಲು. ಪ್ರತಿ ಪುಸ್ತಕಕ್ಕೂ ಒಂದು ಕ್ರಮಸಂಖ್ಯೆ ಕೊಟ್ಟು, ಅದನ್ನು ಒಂದು ಚೀಟಿಯಲ್ಲಿ ಬರೆದು ಒಳಗೆ ಇಡಿ. ಪುಸ್ತಕದ ಮೇಲೆ ಪೆನ್ನು ತಾಗಿಸಬೇಡಿ. ತುಕ್ಕು ಹಿಡಿದ ಪಿನ್ನುಗಳನ್ನು ಕೀಳಬೇಡಿ, ಹರಿದ ಹಾಳೆಗೆ ಸೆಲ್ಲೋಟೇಪ್ ಹಚ್ಚಬೇಡಿ, ಲ್ಯಾಮಿನೇಶನ್ ಅಂತೂ ಬೇಡವೇ ಬೇಡ.

ಶೀರ್ಷಿಕೆಯನ್ನು ಪುಸ್ತಕದಲ್ಲಿ ಹೇಗಿದೆಯೋ ಹಾಗೇ ಬರೆಯಿರಿ. ಕಾಗುಣಿತ ತಪ್ಪಿದ್ದರೆ ತಪ್ಪನ್ನೇ ಬರೆಯಿರಿ. ಒನಿಚದ ಅಚ್ಚಿನಲ್ಲಿ ತಪ್ಪುಗಳು ಸಾಮಾನ್ಯ. ಎಷ್ಟೋ ಸಲ ಒಂದು ಮುದ್ರಣವನ್ನು ಇನ್ನೊಂದರಿಂದ ಬೇರೆ ಮಾಡಿ ಗುರುತಿಸಲು ಸಹಾಯ ಮಾಡುವುದೇ ಆ ತಪ್ಪು. ಪಕ್ಕದ ಕಾಲಂನಲ್ಲಿ ಸರಿಯಾದ ರೂಪ ಬರೆಯಬಹುದು. ರಟ್ಟಿನ ಮೇಲಿನ ಶೀರ್ಷಿಕೆಯೂ ಒಳಪುಟದ ಶೀರ್ಷಿಕೆಯೂ ಒಂದೇ ಇಲ್ಲದಿದ್ದರೆ ಎರಡನ್ನೂ ಬರೆಯಿರಿ. ಮುಖಪುಟವೇ ಹೋಗಿದ್ದರೆ ಮೊದಲ ಪುಟದ ಮೊದಲ ಸಾಲು ಬರೆದುಕೊಳ್ಳಿ. ಇನ್ನೊಂದು ಪೂರ್ತಿ ಪ್ರತಿ ಇರುವವರು ಅದನ್ನು ನೋಡಿ ಗುರುತು ಹಿಡಿಯುತ್ತಾರೆ.

ಹೌಸಾ ಅಕ್ಷರಗಳಲ್ಲಿ ಒಂದು ಎಚ್ಚರ ಬೇಕು. ಆ ಭಾಷೆಯಲ್ಲಿ ಕೊಕ್ಕೆ ಹಾಕಿದ ಬಿ, ಡಿ, ಕೆ ಅಕ್ಷರಗಳಿವೆ. ಅವುಗಳ ಉಚ್ಚಾರವೇ ಬೇರೆ, ಅರ್ಥವೂ ಬೇರೆಯಾಗುತ್ತದೆ. ಸಣ್ಣ ಮುದ್ರಣಾಲಯಗಳಲ್ಲಿ ಆ ಅಚ್ಚುಮೊಳೆ ಇಲ್ಲದಿದ್ದಾಗ ಮಾಮೂಲಿ ಅಕ್ಷರವನ್ನೇ ಹಾಕುತ್ತಿದ್ದರು. ಅಚ್ಚಿನಲ್ಲಿ ಕೊಕ್ಕೆ ಇದ್ದರೆ ಕೊಕ್ಕೆ ಹಾಕಿ, ಇಲ್ಲದಿದ್ದರೆ ನೀವೇ ಸೇರಿಸಬೇಡಿ. ಯೊರುಬಾ ಇನ್ನೂ ಸೂಕ್ಷ್ಮ. ಅಕ್ಷರದ ಕೆಳಗೆ ಚುಕ್ಕಿ, ಮೇಲೆ ಸ್ವರದ, ಅಂದರೆ ದನಿಯ ಏರಿಳಿತದ, ಗುರುತು. ಯುನಿಕೋಡಿನಲ್ಲಿ ಚುಕ್ಕಿ ಇರುವ ಅಕ್ಷರಕ್ಕೆ ಒಂದು ಸಂಕೇತ ಇದೆ, ಸ್ವರದ ಗುರುತನ್ನು ಬೇರೆಯಾಗಿ ಸೇರಿಸಬೇಕು. ಹಾಗಾಗಿ ಕಣ್ಣಿಗೆ ಒಂದೇ ಥರ ಕಾಣುವ ಎರಡು ಪದಗಳು ಕಂಪ್ಯೂಟರಿಗೆ ಬೇರೆ ಬೇರೆ ಆಗಿಬಿಡುತ್ತವೆ, ಹುಡುಕಿದರೆ ಸಿಗುವುದಿಲ್ಲ. ಇದಕ್ಕೆ ಸುಲಭ ಪರಿಹಾರ ಅಂದರೆ ಗುರುತುಗಳೊಂದಿಗೆ ಒಂದು ಕಾಲಂ, ಗುರುತುಗಳಿಲ್ಲದೆ ಬರಿ ಅಕ್ಷರಗಳ ಇನ್ನೊಂದು ಕಾಲಂ. ಫೈಲನ್ನು ಯುಟಿಎಫ್-8 ಎಂದು ಸೇವ್ ಮಾಡಿ. ಇಲ್ಲದಿದ್ದರೆ ಬೇರೆ ಕಂಪ್ಯೂಟರಿನಲ್ಲಿ ಈ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ.

ಲೇಖಕರ ಹೆಸರು ಅತಿ ಹೆಚ್ಚು ತೊಂದರೆ ಕೊಡುವ ಕಾಲಂ. ಕ್ಯಾಟಲಾಗುಗಳು ಕೊನೆಯ ಪದವನ್ನು ಮನೆತನದ ಹೆಸರು ಎಂದುಕೊಂಡು ಮುಂದಕ್ಕೆ ತರುತ್ತವೆ. ನಮ್ಮ ಹೆಸರುಗಳಿಗೆ ಇದರಿಂದ ಆಗುವ ಪಾಡು ನಿಮಗೆ ಗೊತ್ತೇ ಇದೆ. ಇಥಿಯೋಪಿಯಾದಲ್ಲಿ ಎರಡನೆಯ ಪದ ತಂದೆಯ ಹೆಸರು, ಮನೆತನದ್ದಲ್ಲ. ಕೀನ್ಯಾದ ಕಾದಂಬರಿಕಾರ ಗೂಗಿ ವಾ ಥಿಯಾಂಗೊ ಅವರ ಹೆಸರಿನ ಅರ್ಥ ಥಿಯಾಂಗೊ ಅವರ ಮಗ ಗೂಗಿ. ಅವರನ್ನು ಗೂಗಿ ಎಂದೇ ಸೇರಿಸಬೇಕು. ಎಷ್ಟೋ ಪಟ್ಟಿಗಳಲ್ಲಿ ಅವರು ಥಿಯಾಂಗೊ ಎಂಬಲ್ಲಿ, ಇನ್ನು ಕೆಲವುದರಲ್ಲಿ 'ವಾ' ಎಂಬಲ್ಲಿ ಇದ್ದಾರೆ. ಸಾಲದ್ದಕ್ಕೆ 1964ರ ಅವರ ಮೊದಲ ಕಾದಂಬರಿ ಬಂದದ್ದು ಜೇಮ್ಸ್ ಗೂಗಿ ಎಂಬ ಹೆಸರಿನಲ್ಲಿ. ಕುವೆಂಪು ಮತ್ತು ಕೆ.ವಿ. ಪುಟ್ಟಪ್ಪ ಒಬ್ಬರೇ ಎಂದು ನಮಗೆ ಗೊತ್ತು, ಕಂಪ್ಯೂಟರಿಗೆ ಯಾರಾದರೂ ಹೇಳಿಕೊಡಬೇಕು. ಹಾಗೆ ಹೇಳಿಕೊಡುವ ಕಡತಕ್ಕೆ ಗ್ರಂಥಪಾಲಕರು ಅಥಾರಿಟಿ ಫೈಲ್ ಎನ್ನುತ್ತಾರೆ. ಅಚಿಬೆ, ಗೂಗಿಯಂಥವರಿಗೆ ಅದು ಇದೆ. ಒನಿಚದಲ್ಲಿ 'ಸ್ಪೀಡಿ ಎರಿಕ್' ಎಂಬ ಹೆಸರಿನಲ್ಲಿ ಬರೆದವರಿಗೆ, 'ಲೇಖನಿಯ ಗಟ್ಟಿಗ' ಎಂದು ತನ್ನನ್ನು ಕರೆದುಕೊಂಡ ಒಕೆನ್ವಾ ಒಲಿಸಾ ಅವರಂಥವರಿಗೆ ಅಷ್ಟು ಅಚ್ಚುಕಟ್ಟಾದ ದಾಖಲೆ ಇಲ್ಲ. ಅಲ್ಲಿ ಇನ್ನೊಂದು ಸಮಸ್ಯೆಯೂ ಇದೆ. ಪ್ರಕಾಶಕರು ಹಸ್ತಪ್ರತಿಯನ್ನು ಒಂದಿಷ್ಟು ದುಡ್ಡಿಗೆ ಕೊಂಡು, ಕೆಲವೊಮ್ಮೆ ತಮ್ಮ ಹೆಸರನ್ನೇ ಲೇಖಕರ ಜಾಗದಲ್ಲಿ ಹಾಕುತ್ತಿದ್ದರು. ಆದ್ದರಿಂದ ರಟ್ಟಿನ ಮೇಲಿರುವ ಹೆಸರು, ಒಳಪುಟದಲ್ಲಿರುವ ಹೆಸರು, ಮುನ್ನುಡಿಯ ಕೆಳಗೆ ಸಹಿ ಮಾಡಿದ ಹೆಸರು, ಎಲ್ಲವನ್ನೂ ಬೇರೆ ಬೇರೆಯಾಗಿ ಬರೆದುಕೊಳ್ಳಿ. ಯಾರು ನಿಜವಾದ ಲೇಖಕರು ಎಂದು ನೀವು ತೀರ್ಮಾನ ಮಾಡುವುದು ಬೇಡ.

ಹೌಸಾ ಪುಸ್ತಕಗಳಲ್ಲಿ 'ನಾ ದಯಾ', 'ನಾ ಬಿಯು' ಎಂದಿದೆಯಾ ನೋಡಿ. ಮೊದಲನೆಯದು, ಎರಡನೆಯದು ಎಂದು ಅರ್ಥ. ಒಂದೇ ಕತೆ ಎರಡು ಮೂರು ಭಾಗಗಳಲ್ಲಿ ಬೇರೆ ಬೇರೆ ಹೊತ್ತಿಗೆಗಳಾಗಿ ಬರುತ್ತಿತ್ತು. ಅವನ್ನು ಒಂದೇ ಪುಸ್ತಕದ ಎರಡು ಪ್ರತಿ ಎಂದುಕೊಂಡು ಒಂದನ್ನು ಬಿಟ್ಟುಬಿಡುವ ಅಪಾಯ ಇದೆ.

ಇಸವಿ ಇಲ್ಲ ಎಂದಿದ್ದೀರಿ. ಅದನ್ನು ಕಂಡುಹಿಡಿಯುವುದು ಈ ಕೆಲಸದಲ್ಲಿ ನನಗೆ ಅತಿ ಇಷ್ಟವಾದ ಭಾಗ. ಮೊದಲು ಬೆಲೆ ನೋಡಿ. ನೈಜೀರಿಯಾ 1973ರ ಜನವರಿ 1ರಂದು ಪೌಂಡು ಶಿಲ್ಲಿಂಗ್ ಬಿಟ್ಟು ನೈರಾ ಕೋಬೊಗೆ ಬಂತು. ಬೆಲೆ ಶಿಲ್ಲಿಂಗಿನಲ್ಲಿದ್ದರೆ ಪುಸ್ತಕ ಅದಕ್ಕಿಂತ ಮುಂಚಿನದು. ಹಳೆಯ ಒನಿಚ ಶೀರ್ಷಿಕೆಯ ಮೇಲೆ ನೈರಾ ಬೆಲೆ ಇದ್ದರೆ ಅದು ಮರುಮುದ್ರಣ. ಆಮೇಲೆ ಮುದ್ರಣಾಲಯದ ವಿಳಾಸ ನೋಡಿ. ವಿಳಾಸದಲ್ಲಿ ಈಸ್ಟರ್ನ್ ರೀಜನ್ ಎಂದಿದ್ದರೆ ಹೆಚ್ಚಾಗಿ 1967ಕ್ಕೆ ಮುಂಚಿನದು, ಯಾಕೆಂದರೆ ಆ ವರ್ಷ ಪ್ರಾಂತ್ಯಗಳನ್ನು ಒಡೆದು ರಾಜ್ಯಗಳನ್ನು ಮಾಡಿದರು. ಅನಂಬ್ರಾ ರಾಜ್ಯ ಎಂದಿದ್ದರೆ 1976ರ ನಂತರದ್ದು, ಆ ರಾಜ್ಯ ಹುಟ್ಟಿದ್ದೇ ಆಗ. ಕತೆಯ ಒಳಗೆ ಯಾವುದಾದರೂ ಘಟನೆ, ಸಿನಿಮಾ, ನಾಯಕರ ಹೆಸರು ಬಂದರೆ ಅದೂ ಸುಳಿವು. ನಿಮ್ಮ ತಂದೆ ಎಲ್ಲಾದರೂ ಕೊಂಡ ದಿನ ಬರೆದಿದ್ದರೆ, ಅಂಗಡಿಯ ಮೊಹರು ಇದ್ದರೆ, ಅದನ್ನೂ ಬರೆದುಕೊಳ್ಳಿ. ಪುಸ್ತಕ ಆ ದಿನಕ್ಕಿಂತ ಮುಂಚೆ ಅಚ್ಚಾಗಿದೆ ಎಂದು ಅದರಿಂದ ತಿಳಿಯುತ್ತದೆ. ನೀವು ಊಹಿಸಿದ ಇಸವಿಯನ್ನು ಚೌಕ ಆವರಣದ ಒಳಗೆ ಹಾಕಿ, ಪಕ್ಕದಲ್ಲಿ ಕಾರಣ ಬರೆಯಿರಿ. ಪುಸ್ತಕದಲ್ಲೇ ಅಚ್ಚಾದದ್ದು ಯಾವುದು, ಪಟ್ಟಿ ಮಾಡಿದವರು ಸೇರಿಸಿದ್ದು ಯಾವುದು ಎಂದು ಗ್ರಂಥಪಾಲಕರು ಹೀಗೆಯೇ ಬೇರೆ ಮಾಡುತ್ತಾರೆ. ಒಂದು ಕಳಕಳಿಯ ಮಾತು: ಎಐಗೆ ಕೇಳಿ ಇಸವಿ ತುಂಬಿಸಬೇಡಿ. ಇಂಥ ಪುಸ್ತಕಗಳ ಬಗ್ಗೆ ಅದಕ್ಕೆ ಸಿಕ್ಕಿರುವ ಮಾಹಿತಿ ತೀರಾ ಕಡಿಮೆ. ಆದರೂ ಧೈರ್ಯವಾಗಿ ಒಂದು ವರ್ಷ ಹೇಳಿಬಿಡಬಹುದು. ತಪ್ಪು ಇಸವಿ ಒಮ್ಮೆ ಕ್ಯಾಟಲಾಗಿಗೆ ಹೋದರೆ ಅದನ್ನು ನೋಡಿ ಇನ್ನೊಬ್ಬರು, ಅವರನ್ನು ನೋಡಿ ಮತ್ತೊಬ್ಬರು ಬರೆಯುತ್ತಾ ಹೋಗುತ್ತಾರೆ.

ಹಿಂದಿನ ರಟ್ಟನ್ನು ಯಾರೂ ಗಮನಿಸುವುದಿಲ್ಲ. ನೀವು ಗಮನಿಸಿ. ಅಲ್ಲಿ ಪ್ರಕಾಶಕರು ತಮ್ಮ ಬೇರೆ ಪುಸ್ತಕಗಳ ಪಟ್ಟಿ, ಬೆಲೆ, ಅಂಗಡಿಯ ವಿಳಾಸ ಹಾಕಿರುತ್ತಾರೆ. ಆ ಪಟ್ಟಿಯಲ್ಲಿರುವ ಕೆಲವು ಪುಸ್ತಕಗಳ ಒಂದು ಪ್ರತಿಯೂ ಯಾವ ಗ್ರಂಥಾಲಯದಲ್ಲೂ ಇಲ್ಲದಿರಬಹುದು. ಅಂಥ ಪುಸ್ತಕ ಇತ್ತು ಎಂಬುದಕ್ಕೆ ಆ ಜಾಹೀರಾತೇ ಸಾಕ್ಷಿ. ಅಲ್ಲಿರುವ ಶೀರ್ಷಿಕೆಗಳನ್ನು ಒಂದೂ ಬಿಡದೆ ಬೇರೆ ಹಾಳೆಯಲ್ಲಿ ಬರೆದುಕೊಳ್ಳಿ. ಅರವತ್ತು ಪುಸ್ತಕದಿಂದ ಇನ್ನೂ ಎಷ್ಟೋ ಪುಸ್ತಕಗಳ ಸುಳಿವು ಸಿಗುತ್ತದೆ. ನನ್ನ ಮಟ್ಟಿಗೆ ನಿಮ್ಮ ಟ್ರಂಕಿನ ಅತಿ ಬೆಲೆಬಾಳುವ ಭಾಗ ಇದೇ ಇರಬಹುದು.

ಪತ್ರಿಕೆಗಳಿಗೂ ಇದೇ ಗಮನ ಕೊಡಿ. ಆಫ್ರಿಕಾದ ಭಾಷೆಗಳಲ್ಲಿ ಬಹಳಷ್ಟು ಸಾಹಿತ್ಯ ಮೊದಲು ಬಂದದ್ದು ಪತ್ರಿಕೆಗಳಲ್ಲಿ. ಲಾಗೋಸಿನ 'ಅಕೆಡೆ ಏಕೊ' ಪತ್ರಿಕೆಯಲ್ಲಿ 1929ರಲ್ಲಿ ಸೆಗಿಲೋಲ ಎಂಬ ಹೆಂಗಸಿನ ಪತ್ರಗಳು ಬರತೊಡಗಿದವು. ತಾನು ಬಾಳಿದ ಬದುಕನ್ನು ಆಕೆ ಬಿಚ್ಚಿ ಹೇಳಿಕೊಳ್ಳುತ್ತಿದ್ದಳು. ಓದುಗರಲ್ಲಿ ಎಷ್ಟೋ ಜನ ಆಕೆ ನಿಜವಾಗಿಯೂ ಇದ್ದಾಳೆ ಎಂದೇ ನಂಬಿದರು. ಬರೆಯುತ್ತಿದ್ದವರು ಸಂಪಾದಕ ಐ.ಬಿ. ಥಾಮಸ್. ಇಂದು ಅದನ್ನು ಯೊರುಬಾ ಭಾಷೆಯ ಮೊದಲ ಕಾದಂಬರಿ ಎಂದು ಹಲವರು ಎಣಿಸುತ್ತಾರೆ. ಆ ಪತ್ರಿಕೆಯನ್ನು ಬರೀ ಪತ್ರಿಕೆಯ ಹೆಸರು, ತಾರೀಕು ಎಂದು ಮಾತ್ರ ದಾಖಲಿಸಿದ್ದರೆ ಒಳಗೆ ಕಾದಂಬರಿ ಇದೆ ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಿಮ್ಮಲ್ಲಿರುವುದು ಬಹುಶಃ 'ಗಾಸ್ಕಿಯಾ ತಾ ಫಿ ಕ್ವಾಬೊ' ಇರಬೇಕು, 1939ರಿಂದ ಬರುತ್ತಿದ್ದ ಹೆಸರಾಂತ ಹೌಸಾ ಪತ್ರಿಕೆ. ಯಾವುದೇ ಇರಲಿ, ಪ್ರತಿ ಸಂಚಿಕೆ ತಿರುವಿ ಕವಿತೆ, ಕತೆ, ಧಾರಾವಾಹಿ ಇದ್ದರೆ ಅದಕ್ಕೊಂದು ಪ್ರತ್ಯೇಕ ಸಾಲು ಕೊಡಿ. ಹೌಸಾ ಬರದಿದ್ದರೂ ಕವಿತೆಯನ್ನು ಕಣ್ಣಿನಿಂದಲೇ ಗುರುತಿಸಬಹುದು.

ಪಟ್ಟಿ ಮುಗಿದ ಮೇಲೆ ಬೇರೆ ಪಟ್ಟಿಗಳೊಂದಿಗೆ ತಾಳೆ ನೋಡಿ. ಜಗತ್ತಿನ ಸಾವಿರಾರು ಗ್ರಂಥಾಲಯಗಳ ಪಟ್ಟಿಗಳನ್ನು ಒಟ್ಟುಗೂಡಿಸಿರುವ ವರ್ಲ್ಡ್‌ಕ್ಯಾಟ್ ಎಂಬ ಜಾಲತಾಣದಲ್ಲಿ ಹುಡುಕಿ. ಗ್ರಹಾಂ ಫರ್ನಿಸ್, ಮಲಾಮಿ ಬುಬಾ ಮತ್ತು ವಿಲಿಯಂ ಬರ್ಜೆಸ್ ಸೇರಿ 1987ರಿಂದ 2002ರವರೆಗಿನ ಹೌಸಾ ಜನಪ್ರಿಯ ಕಾದಂಬರಿಗಳ ಗ್ರಂಥಸೂಚಿಯನ್ನು ಮಾಡಿದ್ದಾರೆ. ನಿಮ್ಮ ಪುಸ್ತಕಗಳ ಕಾಲಕ್ಕೆ ಅದು ಚೆನ್ನಾಗಿ ಹೊಂದುತ್ತದೆ. 1987ಕ್ಕೆ ಮುಂಚಿನದು ಏನಾದರೂ ಇದ್ದರೆ ಇನ್ನೂ ಒಳ್ಳೆಯದು. ಒನಿಚ ಹೊತ್ತಿಗೆಗಳಿಗೆ ಕಾನ್ಸಾಸ್ ವಿಶ್ವವಿದ್ಯಾಲಯದ ಆನ್‌ಲೈನ್ ಪುಟಗಳನ್ನು ನೋಡಿ, ಕೆಲವನ್ನು ಪೂರ್ತಿ ಓದಲೂ ಸಿಗುತ್ತವೆ. ಹುಡುಕುವಾಗ ಒಂದು ಸಣ್ಣ ತೊಡಕು ಬರುತ್ತದೆ. ಎನ್‌ಎನ್‌ಪಿಸಿ ಎಂದು ಮುದ್ರೆ ಇರುವ ಹೌಸಾ ಪುಸ್ತಕಗಳು ಜಾರಿಯಾದ ನಾರ್ದರ್ನ್ ನೈಜೀರಿಯನ್ ಪಬ್ಲಿಷಿಂಗ್ ಕಂಪನಿಯವು. ಆ ನಾಲ್ಕು ಅಕ್ಷರ ಮಾತ್ರ ಹಾಕಿ ಹುಡುಕಿದರೆ ನೈಜೀರಿಯಾದ ಸರ್ಕಾರಿ ತೈಲ ಕಂಪನಿಯೇ ಬರುತ್ತದೆ. ಪೂರ್ತಿ ಹೆಸರು ಹಾಕಿ. ಎಲ್ಲಿಯೂ ಸಿಗದ ಪುಸ್ತಕ ಕಂಡರೆ ಇದೊಂದೇ ಪ್ರತಿ ಎಂದು ಬರೆಯಬೇಡಿ. ಇಂಥ ಕಡೆ ಹುಡುಕಿದೆ, ಸಿಗಲಿಲ್ಲ ಎಂದಷ್ಟೇ ಬರೆಯಿರಿ. ಕಾನೊದ ಯಾವುದೋ ಮನೆಯ ಕಪಾಟಿನಲ್ಲಿ ಇನ್ನ್ಯಾರೋ ಅದನ್ನು ಇಟ್ಟುಕೊಂಡಿರಬಹುದು.

ಈ ಕೆಲಸ ಮಾಡುವವರು ಜಗತ್ತಿನಲ್ಲಿ ಇನ್ನೂ ಇದ್ದಾರೆ, ನೀವು ಒಬ್ಬಂಟಿಯಲ್ಲ. ಸ್ವೀಡನ್ನಿನ ಉಪ್ಸಾಲ ವಿಶ್ವವಿದ್ಯಾಲಯದಲ್ಲಿ ಆಫ್ರಿಕಾದ ಸಾಹಿತ್ಯದ ಮೆಟಾಡೇಟಾಗಾಗಿಯೇ, ಅಂದರೆ ಕೃತಿಗಳ ಬಗೆಗಿನ ಇಂಥ ವಿವರಗಳಿಗಾಗಿಯೇ, ಒಂದು ಯೋಜನೆ ಇದೆ. ಪುಸ್ತಕ ರೂಪಕ್ಕೆ ಬಾರದ ಬರಹಗಳೂ ದಾಖಲೆಗೆ ಬರಬೇಕು ಎಂಬುದು ಅವರ ಕಾಳಜಿ. ನೈರೋಬಿಯಲ್ಲಿ ಬುಕ್ ಬಂಕ್ ಎಂಬ ಸಂಸ್ಥೆ 1931ರ ಮ್ಯಾಕ್‌ಮಿಲನ್ ಗ್ರಂಥಾಲಯಕ್ಕೆ ಮರುಜೀವ ಕೊಡುತ್ತಿದೆ. ಬಿಳಿಯರಿಗೆ ಮಾತ್ರ ಎಂದಿದ್ದ ಆ ಗ್ರಂಥಾಲಯದ ಸಂಗ್ರಹದ ಒಂದು ಭಾಗವನ್ನು ಅವರು ಡಿಜಿಟಲ್ ಮಾಡಿಸಿದ್ದಾರೆ. ಘಾನಾದ ಅಕ್ರಾದಲ್ಲಿ ಸಿಲ್ವಿಯಾ ಆರ್ಥರ್ ಅವರು ಕಟ್ಟಿದ ಗ್ರಂಥಾಲಯದಲ್ಲಿ ಇರುವುದೆಲ್ಲ ಆಫ್ರಿಕಾ ಮತ್ತು ಆಫ್ರಿಕಾ ಮೂಲದ ಲೇಖಕರ ಪುಸ್ತಕಗಳೇ. ಇವರೆಲ್ಲರ ಅವಸರಕ್ಕೆ ಕಾರಣ ಇದೆ. 2007ರಲ್ಲಿ ಕಾನೊದ ಅಂದಿನ ಗವರ್ನರೇ ಒಂದು ಶಾಲೆಯಲ್ಲಿ ಸೊಯಾಯ್ಯ ಪುಸ್ತಕಗಳನ್ನು ಸುಟ್ಟರು. 2021ರ ಏಪ್ರಿಲ್ 18ರಂದು ಕೇಪ್‌ಟೌನ್ ವಿಶ್ವವಿದ್ಯಾಲಯದ ಜ್ಯಾಗರ್ ಗ್ರಂಥಾಲಯಕ್ಕೆ ಬೆಟ್ಟದ ಕಾಳ್ಗಿಚ್ಚು ನುಗ್ಗಿ, ಆಫ್ರಿಕಾ ಅಧ್ಯಯನದ ಸುಮಾರು 70,000 ಮುದ್ರಿತ ಕೃತಿಗಳಲ್ಲಿ ಹೆಚ್ಚಿನವು ಸುಟ್ಟುಹೋದವು. ಕ್ಯಾಟಲಾಗ್ ಇದ್ದ ಪುಸ್ತಕ ಸುಟ್ಟರೆ ಹೋದದ್ದು ಯಾವುದು ಎಂದಾದರೂ ಹೇಳಬಹುದು, ಇನ್ನೊಂದು ಪ್ರತಿಗಾಗಿ ಹುಡುಕಬಹುದು. ಪಟ್ಟಿಗೇ ಬಾರದ ಪುಸ್ತಕ ಸುಟ್ಟರೆ ಏನು ಕಳೆದುಕೊಂಡೆವು ಎಂದೂ ತಿಳಿಯುವುದಿಲ್ಲ.

ಈಗ ಸ್ಕ್ಯಾನ್ ವಿಷಯ. ಮನೆಯಲ್ಲಿ ಕಾಪಿಡುವುದಕ್ಕಾಗಿ ಫೋಟೊ ತೆಗೆದುಕೊಳ್ಳಿ. ಮೊದಲು ರಟ್ಟು, ಒಳಪುಟ, ಅದರ ಹಿಂಬದಿ, ಕೊನೆಯ ಪುಟ, ಹಿಂದಿನ ರಟ್ಟು. ಈ ಐದು ಫೋಟೊ ಇದ್ದರೆ ಪಟ್ಟಿಯ ಕೆಲಸಕ್ಕೆ ಸಾಕು. ಪೂರ್ತಿ ಪುಸ್ತಕವನ್ನು ನೆಟ್ಟಿಗೆ ಹಾಕುವುದು ಬೇಡ. ನೈಜೀರಿಯಾದ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮೇಲೆ 70 ವರ್ಷ, ನಮ್ಮಲ್ಲಿ 60 ವರ್ಷ ಕೃತಿಸ್ವಾಮ್ಯದ ಹಕ್ಕು ಇರುತ್ತದೆ. ಸೊಯಾಯ್ಯ ಬರೆದವರಲ್ಲಿ ಬಹಳ ಜನ ಇನ್ನೂ ಬದುಕಿದ್ದಾರೆ, ಬರೆಯುತ್ತಲೂ ಇದ್ದಾರೆ. ಒನಿಚದವರ ಹಕ್ಕೂ ಮುಗಿದಿಲ್ಲ ಎಂದೇ ತಿಳಿಯುವುದು ಒಳ್ಳೆಯದು. ಕಾನೂನು ಬಿಡಿ, ಅವರಲ್ಲಿ ಎಷ್ಟೋ ಜನ ಕೈಯಿಂದ ದುಡ್ಡು ಹಾಕಿ ಅಚ್ಚು ಹಾಕಿಸಿದವರು. ಅವರನ್ನು ಕೇಳದೆ ಹಂಚುವುದು ನನಗೆ ಸರಿ ಕಾಣುವುದಿಲ್ಲ. ಪಟ್ಟಿಯನ್ನು ಮಾತ್ರ ಧಾರಾಳವಾಗಿ ಹಂಚಿ. ಶೀರ್ಷಿಕೆ, ಹೆಸರು, ಊರು, ಇಸವಿಗೆ ಯಾರ ಹಕ್ಕೂ ಅಡ್ಡ ಬರುವುದಿಲ್ಲ. ಯಾರು ಬೇಕಾದರೂ ವಿವರ ಸೇರಿಸಬಹುದಾದ ಮುಕ್ತ ಮಾಹಿತಿಕೋಶ ವಿಕಿಡೇಟಾದಲ್ಲಿ ಲೇಖಕರಿಗೆ, ಪುಸ್ತಕಗಳಿಗೆ ನೀವೇ ಎಂಟ್ರಿ ಮಾಡಬಹುದು.

ಪುಸ್ತಕಗಳು ಕೊನೆಗೆ ಎಲ್ಲಿಗೆ ಹೋಗಬೇಕು? ನನ್ನನ್ನು ಕೇಳಿದರೆ ಮೊದಲು ನೈಜೀರಿಯಾದವರನ್ನೇ ಕೇಳಿ. ಹೌಸಾ ಪುಸ್ತಕಗಳಿಗೆ ಕಾನೊದ ಬಯೇರೊ ವಿಶ್ವವಿದ್ಯಾಲಯ, ಒನಿಚದವಕ್ಕೆ ನ್ಸುಕ್ಕದ ನೈಜೀರಿಯಾ ವಿಶ್ವವಿದ್ಯಾಲಯ. ಪುಸ್ತಕ ಕಳಿಸುವ ಮುಂಚೆ ಪಟ್ಟಿ ಕಳಿಸಿ, ಅವರಲ್ಲಿ ಯಾವುದು ಇಲ್ಲ, ಇಟ್ಟುಕೊಳ್ಳಲು ವ್ಯವಸ್ಥೆ ಹೇಗಿದೆ ಎಂದು ಕೇಳಿ. ನೀವೇ ಇಟ್ಟುಕೊಳ್ಳುವುದಾದರೂ ತಪ್ಪಿಲ್ಲ, ಇಲ್ಲಿವೆ ಎಂದು ಅವರಿಗೆ ಗೊತ್ತಿದ್ದರೆ ಸಾಕು. ಹಳೆ ಪುಸ್ತಕದ ವ್ಯಾಪಾರಿಗಳು ಬಂದು ಒನಿಚದವನ್ನು ಮಾತ್ರ ಆರಿಸಿ ಕೇಳಿದರೆ ಕೊಡಬೇಡಿ. ಕಾನೊದಲ್ಲಿದ್ದ ಒಬ್ಬ ಮೇಷ್ಟ್ರು ಏನೇನು ಕೊಂಡು ಓದಿದರು ಎಂಬುದಕ್ಕೆ ಈ ಅರವತ್ತೂ ಒಟ್ಟಿಗೆ ಇರಬೇಕು. ಬಿಡಿಬಿಡಿಯಾದರೆ ಆ ಸಂಗತಿ ಹೋಯಿತು.

ಮೊದಲು ಹತ್ತು ಪುಸ್ತಕಗಳ ಎಂಟ್ರಿ ಮಾಡಿ ನನಗೆ ಕಳಿಸಿ. ಕಾಲಂಗಳು ಸರಿಯಿವೆಯೇ ನೋಡಿ ಹೇಳುತ್ತೇನೆ, ಆಮೇಲೆ ಉಳಿದವಕ್ಕೆ ಕೈ ಹಾಕಬಹುದು. ಆ ಹತ್ತರಲ್ಲಿ ಯೊರುಬಾದ್ದು ಒಂದು, ಪತ್ರಿಕೆಯ ಸಂಚಿಕೆ ಒಂದು ಇರಲಿ. ಹೆಚ್ಚಿನ ತೊಡಕು ಅವೆರಡರಲ್ಲೇ ಬರುತ್ತದೆ.